ತುಕ್ಕು ಹಿಡಿದ ಸಸ್ಪೆನ್ಷನ್ ಬಿಚ್ಚುವ ಲೆಕ್ಕ: ಮನೆಯ ಶೆಡ್ಡಿನಲ್ಲಿ ಒಂದು ಹಳೆಯ ಪದ್ಮಿನಿ

ಸ್ಪ್ಯಾನರಿಗೆ ನಾಲ್ಕು ಅಡಿಯ ಪೈಪ್ ಸಿಕ್ಕಿಸಿ ಎಳೆದದ್ದು ನನ್ನ ಮೊದಲ ತಪ್ಪು. ನಟ್ಟಿನ ಆರು ಮೂಲೆಗಳೂ ಸವೆದು ಉರುಟಾದವು. ಮುಂದಿನ ಭಾನುವಾರ ಅದೇ ಪೈಪನ್ನು, ಹಿಂದಿನ ಸ್ಪ್ರಿಂಗಿನ ತುದಿಯನ್ನು ಹಿಡಿದಿಡುವ ಶ್ಯಾಕಲ್ ಬೋಲ್ಟಿಗೆ ಹಾಕಿದೆ. ಬೋಲ್ಟಿನ ತಲೆ ಟಪ್ಪೆಂದು ಹಾರಿತು. ನನ್ನ ಮೊಣಕೈ ಮಡ್‌ಗಾರ್ಡಿನ ಅಂಚಿಗೆ ಬಡಿದು ಮೂರು ಹೊಲಿಗೆ, ಒಂದು ಟಿ.ಟಿ. ಇಂಜೆಕ್ಷನ್ ಬಿತ್ತು. ಕೈಗೆ ಬ್ಯಾಂಡೇಜು ಕಟ್ಟಿಕೊಂಡು, ಹೆದ್ದಾರಿ ಬದಿಯಲ್ಲಿ ಲಾರಿಗಳ ಸ್ಪ್ರಿಂಗ್ ಪ್ಲೇಟ್ ಕೆಲಸ ಮಾಡುವ ಹಿರಿಯರೊಬ್ಬರ ಬಳಿಗೆ ಹೋದೆ. ಅವರು ಕೇಳಿದ್ದು ಇಷ್ಟೇ: “ಬೋಲ್ಟಿಗೆ ಎಷ್ಟು ರೂಪಾಯಿ? ಅದನ್ನು ಹಿಡಿದಿರುವ ಹ್ಯಾಂಗರಿಗೆ ಎಷ್ಟು? ಆ ಲೆಕ್ಕ ಹಾಕದೆ ಯಾಕೆ ಎಳೆದಿರಿ ಮಾರಾಯರೇ?”

ತುಕ್ಕು ಹಿಡಿದ ಸಸ್ಪೆನ್ಷನ್, ಅಂದರೆ ಗಾಡಿಯ ಭಾರವನ್ನು ಚಕ್ರಗಳ ಮೇಲೆ ಹೊರುವ ಸ್ಪ್ರಿಂಗ್ ಜೋಡಣೆ, ಬಿಚ್ಚುವಾಗ ಏನಾದರೂ ಒಂದು ಹಾಳಾಗಿಯೇ ಆಗುತ್ತದೆ. ಯಾವುದು ಹೋದರೆ ಚಿಂತೆಯಿಲ್ಲ, ಯಾವುದು ಹೋಗಲೇಬಾರದು ಎಂಬುದನ್ನು ಸ್ಪ್ಯಾನರ್ ಹಿಡಿಯುವ ಮೊದಲೇ ನಾವು ತೀರ್ಮಾನಿಸಬೇಕು. ನಾವು ತೀರ್ಮಾನಿಸದಿದ್ದರೆ ತುಕ್ಕು ತೀರ್ಮಾನಿಸುತ್ತದೆ, ಮತ್ತು ಅದು ಯಾವಾಗಲೂ ದುಬಾರಿಯಾದದ್ದನ್ನೇ ಆರಿಸಿಕೊಳ್ಳುತ್ತದೆ. ಮುಂದೆ ಬರೆದಿರುವುದೆಲ್ಲ ಈ ಒಂದು ಲೆಕ್ಕದ ವಿಸ್ತಾರ.

ನನ್ನದು ತಂದೆಯವರು ಬಿಟ್ಟುಹೋದ ಪ್ರೀಮಿಯರ್ ಪದ್ಮಿನಿ. ಮುಂಬೈಯ ಕುರ್ಲಾದಲ್ಲಿ ಫಿಯೆಟ್ 1100 ಎಂದು ಹುಟ್ಟಿ, ಎಪ್ಪತ್ತರ ದಶಕದಲ್ಲಿ ಹೆಸರು ಬದಲಿಸಿಕೊಂಡ ಗಾಡಿ. 1089 ಸಿ.ಸಿ. ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲಿ ಗೇರು. ಮುಂದೆ ವಿಶ್‌ಬೋನ್ ತೋಳುಗಳು ಮತ್ತು ಸುರುಳಿಯ ಕಾಯಿಲ್ ಸ್ಪ್ರಿಂಗ್, ಹಿಂದೆ ಒಂದೇ ಗಟ್ಟಿ ಆಕ್ಸಲಿಗೆ ಎರಡು ಲೀಫ್ ಸ್ಪ್ರಿಂಗ್ ಕಟ್ಟುಗಳು, ಅಂದರೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪ್ಲೇಟುಗಳು. ಇಟಲಿಯ ವಿನ್ಯಾಸವಾದ್ದರಿಂದ ನಟ್ಟು ಬೋಲ್ಟುಗಳೆಲ್ಲ ಮಿಲಿಮೀಟರ್ ಲೆಕ್ಕದವು. ಅಂಬಾಸಿಡರ್ ಇಟ್ಟುಕೊಂಡವರ ಹಾಗೆ ಇಂಚಿನ ಸ್ಪ್ಯಾನರ್ ಹುಡುಕುವ ಕಷ್ಟವಿಲ್ಲ. ಸಮುದ್ರದಿಂದ ಎರಡು ಕಿಲೋಮೀಟರ್ ದೂರದಲ್ಲಿ, ಕುಂದಾಪುರದ ಕಡೆ, ತಗಡಿನ ಶೆಡ್ಡಿನಲ್ಲಿ ಒಂಬತ್ತು ಮಳೆಗಾಲ ಕಳೆದು ನನ್ನ ಕೈಗೆ ಬಂತು. ಮೇಲಿನಿಂದ ನೋಡಿದರೆ ಬಣ್ಣ ಪರವಾಗಿರಲಿಲ್ಲ. ಅಡಿಗೆ ಮಲಗಿ ಟಾರ್ಚ್ ಹಾಕಿದಾಗ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು.

ಕರಾವಳಿಯ ತುಕ್ಕು ಬೇರೆಯೇ ಜಾತಿ. ಗಾಳಿಯಲ್ಲಿ ಬರುವ ಉಪ್ಪು ಅಡಿಭಾಗದ ಮಣ್ಣಿನಲ್ಲಿ ಕೂರುತ್ತದೆ. ತೇವಾಂಶ ಶೇಕಡ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರೆಳೆದುಕೊಂಡು ಒದ್ದೆಯಾಗುತ್ತದೆ. ನಮ್ಮಲ್ಲಿ ಬಹುಪಾಲು ರಾತ್ರಿಗಳು ಅಂಥವೇ. ಹಾಗಾಗಿ ಮಳೆ ಇಲ್ಲದಿದ್ದರೂ, ಗಾಡಿ ಮನೆ ಬಿಟ್ಟು ಹೊರಡದಿದ್ದರೂ ಕಬ್ಬಿಣ ತೇವದಲ್ಲೇ ಇರುತ್ತದೆ. ಚಕ್ರದ ಕಮಾನಿನ ಒಳಗೆ ಮೆತ್ತಿದ ಕೆಂಪು ಮಣ್ಣು ಒದ್ದೆ ಗೋಣಿಯ ಹಾಗೆ ಆ ತೇವವನ್ನು ಹಿಡಿದಿಡುತ್ತದೆ. ಇನ್ನೊಂದು ಮಾತು: ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ನಟ್ಟು ಮತ್ತು ಬೋಲ್ಟಿನ ನಡುವೆ ಅಷ್ಟು ಜಾಗ ಇರುವುದಿಲ್ಲವಾದ್ದರಿಂದ ಅದು ಉಬ್ಬಿ ಎರಡನ್ನೂ ಬೆಣೆ ಹೊಡೆದಂತೆ ಕಚ್ಚಿಸುತ್ತದೆ. ತೋಳಿನ ಬಲದಿಂದ ಎಳೆದಾಗ ನಟ್ಟು ಜಾರುವ ಬದಲು ಬೋಲ್ಟೇ ತಿರುಚಿ ಮುರಿಯುವುದು ಇದೇ ಕಾರಣಕ್ಕೆ.

ಮೊದಲು ತಟ್ಟಿ ನೋಡಿ

ಬಿಚ್ಚುವ ಮೊದಲು ಒಂದು ಪೂರ್ತಿ ದಿನ ನೋಡುವುದಕ್ಕೇ ಇಡಿ. ತಂತಿ ಬ್ರಷ್, ಒಂದು ಸಣ್ಣ ಸುತ್ತಿಗೆ, ಹಳೆಯ ಸ್ಕ್ರೂಡ್ರೈವರ್, ಟಾರ್ಚ್ ಸಾಕು. ಪದ್ಮಿನಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಚಾಸಿ. ಆದ್ದರಿಂದ ಸ್ಪ್ರಿಂಗಿಗಿಂತ ಮುಖ್ಯವಾದದ್ದು ಸ್ಪ್ರಿಂಗ್ ಬಂದು ಸೇರುವ ಜಾಗದ ತಗಡು. ಅಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಸಂತೆಯಲ್ಲಿ ಮಡಕೆ ತಟ್ಟಿ ಕೊಳ್ಳುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಠಣ್ ಎಂದರೆ ಲೋಹ ಇದೆ. ಥಪ್ ಎಂದರೆ ಒಳಗೆ ಏನೂ ಉಳಿದಿಲ್ಲ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರನ್ನು ಒತ್ತಿ. ಒಳಗೆ ಇಳಿದರೆ ಅಲ್ಲಿಗೆ ಸಸ್ಪೆನ್ಷನ್ ಕೆಲಸ ನಿಲ್ಲಿಸಿ, ಮೊದಲು ಬಾಡಿಯ ವೆಲ್ಡಿಂಗ್ ಆಗಬೇಕು. ಕೊಳೆತ ತಗಡಿಗೆ ಹೊಸ ಸ್ಪ್ರಿಂಗ್ ಕಟ್ಟುವುದು ಗೆದ್ದಲು ತಿಂದ ತೊಲೆಗೆ ಹೊಸ ತೊಟ್ಟಿಲು ಕಟ್ಟಿದ ಹಾಗೆ.

ಪ್ರತಿ ಜೋಡಣೆಯ ಫೋಟೋ ತೆಗೆಯಿರಿ. ವಾಷರ್ ಯಾವ ಬದಿಗಿತ್ತು, ಬೋಲ್ಟಿನ ತಲೆ ಒಳಗಿತ್ತೋ ಹೊರಗಿತ್ತೋ ಎಂಬುದು ಮೂರು ವಾರದ ನಂತರ ಯಾರಿಗೂ ನೆನಪಿರುವುದಿಲ್ಲ. ನಂತರ ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆಯಿರಿ. ಉಳಿಸಲೇಬೇಕಾದವು: ಆಕ್ಸಲ್, ಸ್ಪ್ರಿಂಗನ್ನು ಹಿಡಿದಿರುವ ಬಾಡಿಯ ಹ್ಯಾಂಗರ್‌ಗಳು, ವಿಶ್‌ಬೋನ್‌ಗಳು, ಸ್ಪ್ರಿಂಗಿನ ಮುಖ್ಯ ಪ್ಲೇಟ್. ಹೋದರೂ ಚಿಂತೆಯಿಲ್ಲದವು: ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿಯುವ ಯು ಬೋಲ್ಟ್, ಶ್ಯಾಕಲ್ ಬೋಲ್ಟ್, ಬೋಲ್ಟಿನ ಸುತ್ತ ಕೂರುವ ಎಲ್ಲ ಬುಷ್‌ಗಳು, ಪ್ಲೇಟುಗಳನ್ನು ನಡುವೆ ಸೇರಿಸುವ ಸೆಂಟರ್ ಬೋಲ್ಟ್, ಶಾಕ್ ಅಬ್ಸಾರ್ಬರ್. ಎರಡನೆಯ ಪಟ್ಟಿಯಲ್ಲಿರುವುದನ್ನೆಲ್ಲ ಕೈಯಲ್ಲಿ ಇಟ್ಟುಕೊಂಡೇ ಕೆಲಸ ಶುರುಮಾಡಿ. ಮುಂಬೈಯಲ್ಲಿ ಈ ಗಾಡಿಯ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಮರೆಯಾದವಾದರೂ ಬಿಡಿಭಾಗಗಳು ಇನ್ನೂ ಸಿಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆಯುವ ತಾಳ್ಮೆ ಇದ್ದರೆ ಬುಷ್‌ಗಳಿಗೆ ತೊಂದರೆಯಿಲ್ಲ. ಯು ಬೋಲ್ಟನ್ನು ಹಳೆಯದರ ಅಳತೆ ಕೊಟ್ಟು ಪ್ಲೇಟ್ ಕೆಲಸದವರಲ್ಲಿಯೇ ಮಾಡಿಸಬಹುದು.

ಗಾಡಿ ಎತ್ತುವುದು

ಇದನ್ನು ಚಿಕ್ಕದಾಗಿ ಹೇಳಿ ಮುಗಿಸುವಂತಿಲ್ಲ, ಏಕೆಂದರೆ ತುಕ್ಕು ಬಿಡಿಸುವ ಕೆಲಸದಲ್ಲಿ ನಾವು ಗಾಡಿಯನ್ನು ಎಳೆಯುತ್ತೇವೆ, ತಳ್ಳುತ್ತೇವೆ, ಸುತ್ತಿಗೆಯಿಂದ ಬಡಿಯುತ್ತೇವೆ. ಚಕ್ರ ಬದಲಾಯಿಸುವಾಗ ಸಾಕಾಗುವ ಆಧಾರ ಇಲ್ಲಿ ಸಾಲದು.

ಜಾಕು ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಎತ್ತಿದ ಕೂಡಲೇ ಎರಡು ಜಾಕ್ ಸ್ಟ್ಯಾಂಡ್ ಇಡಬೇಕು. ಅವಿಲ್ಲದಿದ್ದರೆ ರೈಲ್ವೆ ಸ್ಲೀಪರಿನಂಥ ದಪ್ಪ ಮರದ ತುಂಡುಗಳನ್ನು ಅಡ್ಡಡ್ಡ ಪೇರಿಸಬಹುದು. ನಮ್ಮೂರಿನಲ್ಲಿ ಕೈಗೆ ಮೊದಲು ಸಿಗುವುದು ಮುರಕಲ್ಲು (ಜಂಬಿಟ್ಟಿಗೆ). ದಯವಿಟ್ಟು ಬೇಡ. ಗೋಡೆಯ ಭಾರವನ್ನು ಹರಡಿಕೊಂಡು ಹೊರುವ ಕಲ್ಲು, ಒಂದು ಬಿಂದುವಿನಲ್ಲಿ ಕಬ್ಬಿಣ ಒತ್ತಿದರೆ ಎಚ್ಚರಿಕೆ ಕೊಡದೆ ಪುಡಿಯಾಗುತ್ತದೆ. ಟೊಳ್ಳು ಸಿಮೆಂಟ್ ಬ್ಲಾಕ್ ಅದಕ್ಕಿಂತ ಅಪಾಯ. ನೆಲ ಮಣ್ಣಿನದಾಗಿದ್ದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಹಾಕಿ.

ಹಿಂಬದಿ ಎತ್ತುವಾಗ ಕೈ ಬ್ರೇಕ್ ನಂಬಬೇಡಿ, ಅದು ಹಿಡಿಯುವುದು ಹಿಂದಿನ ಚಕ್ರಗಳನ್ನೇ. ಮುಂದಿನ ಎರಡೂ ಚಕ್ರಗಳ ಹಿಂದೆ ಮುಂದೆ ಅಡೆ ಕೊಡಿ. ಸ್ಟ್ಯಾಂಡುಗಳು ಬಾಡಿಯ ಗಟ್ಟಿ ಜಾಗದಲ್ಲಿ, ಸ್ಪ್ರಿಂಗಿನ ಮುಂದಿನ ಹ್ಯಾಂಗರಿಗಿಂತ ಮುಂದೆ ಇರಲಿ. ತಟ್ಟಿ ನೋಡಿದಾಗ ಠಣ್ ಎಂದಿದ್ದ ಜಾಗ ಎಂದು ಬೇರೆ ಹೇಳಬೇಕೆ? ಆಕ್ಸಲಿನ ಕೆಳಗೆ ಇನ್ನೊಂದು ಜಾಕು ಇರಲಿ. ಅಡಿಗೆ ಹೋಗುವ ಮೊದಲು ಗಾಡಿಯನ್ನು ಪಕ್ಕದಿಂದ ಜೋರಾಗಿ ಅಲ್ಲಾಡಿಸಿ. ಬೀಳುವುದಿದ್ದರೆ ಆಗಲೇ ಬೀಳಲಿ. ಒಬ್ಬರೇ ಇರುವಾಗ ಅಡಿಗೆ ಹೋಗಬೇಡಿ.

ಬ್ರೇಕ್ ಡ್ರಮ್ ಬಿಚ್ಚಿದರೆ ಒಳಗಿನ ಧೂಳನ್ನು ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಬಿಡಿ.

ಎಣ್ಣೆ, ಪೆಟ್ಟು, ಬೆಂಕಿ: ಇದೇ ಕ್ರಮದಲ್ಲಿ

ಶನಿವಾರ ಬಿಚ್ಚುವುದಿದ್ದರೆ ಬುಧವಾರವೇ ಎಣ್ಣೆ ಹಾಕಲು ಶುರುಮಾಡಿ. ಮೊದಲು ತಂತಿ ಬ್ರಷ್ಷಿನಿಂದ ಬೋಲ್ಟಿನ ಹೊರಗೆ ಕಾಣುವ ಥ್ರೆಡ್ಡನ್ನು ಉಜ್ಜಿ ಬೆಳ್ಳಗಾಗಿಸಿ. ಈ ಕೆಲಸವನ್ನು ಬಹಳ ಜನ ಬಿಡುತ್ತಾರೆ. ನಟ್ಟು ಸಡಿಲಾದ ಮೇಲೆ ಇದೇ ದಾರಿಯಲ್ಲಿ ಹೊರಬರಬೇಕಲ್ಲ, ದಾರಿಯಲ್ಲಿ ಮಣ್ಣು ಗಟ್ಟಿಯಾಗಿ ಕೂತಿದ್ದರೆ ಅಲ್ಲಿ ಮತ್ತೆ ಕಚ್ಚುತ್ತದೆ. ಆಮೇಲೆ ನಟ್ಟಿನ ಎರಡೂ ಬದಿಗೆ ತುಕ್ಕು ಬಿಡಿಸುವ ಎಣ್ಣೆ. ಅಂಗಡಿಯ ಡಬ್ಬಿ ಸ್ಪ್ರೇ ಆಗಬಹುದು. ಆಟೋಮ್ಯಾಟಿಕ್ ಗೇರಿನ ಎಣ್ಣೆ ಮತ್ತು ಅಸಿಟೋನ್ ಸಮಭಾಗ ಬೆರೆಸಿದ್ದು ಇನ್ನೂ ಚೆನ್ನಾಗಿ ಒಳಗಿಳಿಯುತ್ತದೆ. ಆದರೆ ಅದು ಬೆಂಕಿಗೆ ಪೆಟ್ರೋಲಿನಂಥದ್ದು, ಬಣ್ಣವನ್ನೂ ತಿನ್ನುತ್ತದೆ. ಏನೂ ಸಿಗದಿದ್ದರೆ ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಹಚ್ಚಿ. ನಿಧಾನ, ಆದರೆ ಕೆಲಸ ಮಾಡುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಪ್ರತಿ ಸಲ ಎಣ್ಣೆ ಹಾಕಿದ ಮೇಲೆ ನಟ್ಟಿನ ಮುಖಗಳಿಗೆ ಸುತ್ತಿಗೆಯಿಂದ ನಾಲ್ಕು ಚುರುಕು ಪೆಟ್ಟು. ಆ ಪೆಟ್ಟಿಗೆ ಒಳಗಿನ ತುಕ್ಕು ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ.

ಶನಿವಾರ ಸ್ಪ್ಯಾನರ್ ಹಿಡಿಯುವಾಗ ಆರು ಮೂಲೆಯ ಸಾಕೆಟ್ ಇರಲಿ. ಹನ್ನೆರಡು ಮೂಲೆಯದು ತುಕ್ಕು ತಿಂದ ನಟ್ಟಿನ ಮೇಲೆ ಜಾರುತ್ತದೆ, ಬಾಯಿ ತೆರೆದ ಸ್ಪ್ಯಾನರಂತೂ ಮುಟ್ಟಲೇಬಾರದು. ಮೊದಲು ಬಿಗಿ ಮಾಡುವ ದಿಕ್ಕಿಗೆ ಸ್ವಲ್ಪ ಒತ್ತಿ. ಕೂದಲೆಳೆಯಷ್ಟು ಕದಲಿದರೂ ಸಾಕು, ಹಿಡಿತ ತಪ್ಪಿತು. ಆಮೇಲೆ ಬಿಚ್ಚುವ ಕಡೆಗೆ ಕಾಲು ಸುತ್ತು, ಮತ್ತೆ ಹಿಂದಕ್ಕೆ ಅದರ ಅರ್ಧ, ಎಣ್ಣೆ, ಮತ್ತೆ ಮುಂದಕ್ಕೆ. ಕೀರಲು ಸದ್ದು ಬಂದರೆ ಒಳ್ಳೆಯದು. ಸದ್ದೇ ಇಲ್ಲದೆ ರಬ್ಬರಿನ ಹಾಗೆ ಮೆತ್ತಗೆ ತಿರುಗುತ್ತಿದ್ದರೆ ನಿಲ್ಲಿಸಿ, ನಟ್ಟಲ್ಲ, ಬೋಲ್ಟು ತಿರುಚುತ್ತಿದೆ.

ಆಗ ಬೆಂಕಿ. ಗ್ಯಾಸ್ ಟಾರ್ಚಿನ ಜ್ವಾಲೆ ನಟ್ಟಿನ ಮೇಲೆ ಬೀಳಬೇಕು, ಬೋಲ್ಟಿನ ಮೇಲಲ್ಲ. ಕಾದ ನಟ್ಟು ಹಿಗ್ಗುತ್ತದೆ, ಒಳಗಿನ ಬೋಲ್ಟ್ ಅಷ್ಟು ಬೇಗ ಹಿಗ್ಗುವುದಿಲ್ಲ, ನಡುವಿನ ತುಕ್ಕು ಒಡೆಯುತ್ತದೆ. ಮಂಕು ಕೆಂಪು ಬರುವಷ್ಟು ಕಾಯಿಸಿ, ಕೆಂಪು ಹೋಗಿ ಇನ್ನೂ ಬಿಸಿಯಿರುವಾಗಲೇ ಥ್ರೆಡ್ಡಿಗೆ ಮೇಣದ ಬತ್ತಿ ಮುಟ್ಟಿಸಿದರೆ ಮೇಣ ಕರಗಿ ಒಳಗೆ ಹರಿಯುತ್ತದೆ. ನನ್ನ ಅನುಭವದಲ್ಲಿ ಎಣ್ಣೆಗೆ ಬಗ್ಗದ ನಟ್ಟುಗಳಲ್ಲಿ ಅರ್ಧದಷ್ಟು ಮೇಣಕ್ಕೆ ಬಗ್ಗಿವೆ.

ಬೆಂಕಿ ಹಿಡಿಯಬಾರದ ಜಾಗಗಳನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳಿ. ಪೆಟ್ರೋಲ್ ಟ್ಯಾಂಕ್ ಇರುವುದು ಹಿಂಬದಿಯಲ್ಲೇ. ಟ್ಯಾಂಕನ್ನು ಇಳಿಸದೆ, ಪೈಪನ್ನು ಮುಚ್ಚದೆ ಅದರ ಹತ್ತಿರ ಜ್ವಾಲೆಯೂ ಬೇಡ, ಗ್ರೈಂಡರಿನ ಕಿಡಿಯೂ ಬೇಡ. ಶಾಕ್ ಅಬ್ಸಾರ್ಬರಿನ ಒಳಗೆ ಎಣ್ಣೆ ಇದೆ, ಕೆಲವುದರಲ್ಲಿ ಒತ್ತಡದ ಗ್ಯಾಸ್ ಇದೆ, ಕಾಯಿಸಿದರೆ ಸಿಡಿಯುತ್ತದೆ. ಬ್ರೇಕಿನ ರಬ್ಬರ್ ಪೈಪ್ ಬಿಸಿಗೆ ಒಳಗಿಂದೊಳಗೆ ಹಾಳಾಗಿ ತಿಂಗಳುಗಳ ನಂತರ ಕೈಕೊಡುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸಿದ ಜಾಗಕ್ಕೆ ಬೆಂಕಿ ಹಿಡಿದರೆ ಮಾರಕ ವಿಷಗಾಳಿ ಹುಟ್ಟುತ್ತದೆ. ಮತ್ತು ಸ್ಪ್ರಿಂಗ್: ಪ್ಲೇಟಾಗಲಿ ಕಾಯಿಲ್ ಆಗಲಿ, ಅದರ ಹದ ಇರುವುದೇ ಕಾರ್ಖಾನೆಯಲ್ಲಿ ಲೆಕ್ಕ ಹಾಕಿ ಕೊಟ್ಟ ಶಾಖದಲ್ಲಿ. ನಾವು ಕೆಂಪಗೆ ಕಾಯಿಸಿದರೆ ಆ ಜಾಗ ಒಂದೋ ಮೆತ್ತಗಾಗುತ್ತದೆ, ಇಲ್ಲವೇ ಗಾಜಿನಂತೆ ಪೆಡಸಾಗುತ್ತದೆ. ಸ್ಪ್ರಿಂಗಿಗೆ ವೆಲ್ಡಿಂಗ್ ಮಾಡಿಕೊಡುತ್ತೇನೆ ಎನ್ನುವವರಿಂದ ದೂರ ಇರಿ.

ಕತ್ತರಿಸುವ ಧೈರ್ಯ

ಯು ಬೋಲ್ಟುಗಳ ಮೇಲೆ ಇಷ್ಟೆಲ್ಲ ಪ್ರಯೋಗ ಬೇಕಾಗಿಯೇ ಇಲ್ಲ. ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿದಿಡುವ ಈ ನಾಲ್ಕು ಕೊಂಡಿಗಳು ಒಮ್ಮೆ ಎಳೆದುಕೊಂಡ ಮೇಲೆ ಮತ್ತೆ ಬಳಸುವ ವಸ್ತುವಲ್ಲ. ನಟ್ಟಿಗೆ ಎಣ್ಣೆ ಹಾಕಿ ಬಿಡಿಸಿಕೊಂಡರೂ ಬಿಸಾಡಲೇಬೇಕು. ನಾಲ್ಕು ಇಂಚಿನ ಗ್ರೈಂಡರಿಗೆ ತೆಳ್ಳನೆಯ ಕಟಿಂಗ್ ಚಕ್ರ ಹಾಕಿ, ಮುಖಕ್ಕೆ ಪೂರ್ತಿ ಮುಚ್ಚುವ ಶೀಲ್ಡ್ ಹಾಕಿಕೊಂಡು ಕತ್ತರಿಸಿ. ಚಕ್ರ ಆಕ್ಸಲಿಗೆ ಅಥವಾ ಪ್ಲೇಟಿಗೆ ತಗುಲಿ ಗೀರು ಬೀಳಬಾರದು. ಸ್ಪ್ರಿಂಗಿನ ಮೇಲಿನ ಒಂದು ಗೀರು ಮುಂದೆ ಬಿರುಕಿನ ಬೀಜವಾಗುತ್ತದೆ. ಅನುಮಾನವಿದ್ದರೆ ಕೊನೆಯ ಎರಡು ಮಿಲಿಮೀಟರ್ ಬಿಟ್ಟು ಚಾಣದಿಂದ ಒಡೆಯಿರಿ.

ಕತ್ತರಿಸುವ ಮೊದಲು ಆಕ್ಸಲಿನ ಕೆಳಗಿನ ಜಾಕು ಭಾರ ಹೊತ್ತಿರಬೇಕು, ಶಾಕ್ ಅಬ್ಸಾರ್ಬರಿನ ಕೆಳಗಿನ ತುದಿ ಬಿಚ್ಚಿರಬೇಕು. ಆಕ್ಸಲನ್ನು ಇಳಿಸುವಾಗ ಬ್ರೇಕಿನ ರಬ್ಬರ್ ಪೈಪ್ ಮೇಲೆ ಕಣ್ಣಿರಲಿ, ಅದು ಎಳೆಯಲ್ಪಡುವ ಮೊದಲೇ ನಿಲ್ಲಿಸಿ. ಒಂದು ಬದಿ ಮುಗಿದು ಮತ್ತೆ ಜೋಡಣೆಯಾಗುವವರೆಗೆ ಇನ್ನೊಂದು ಬದಿಗೆ ಕೈ ಹಾಕಬೇಡಿ. ಆಕ್ಸಲ್ ಅತ್ತಿತ್ತ ಹೊರಳುವುದಿಲ್ಲ, ಮತ್ತು ಗೊಂದಲವಾದಾಗ ನೋಡಿ ಕಲಿಯಲು ಪಕ್ಕದಲ್ಲೇ ಒಂದು ಮಾದರಿ ಇರುತ್ತದೆ.

ನಿಜವಾದ ತಲೆನೋವು ಸ್ಪ್ರಿಂಗಿನ ಮುಂದಿನ ಕಣ್ಣಿನ, ಅಂದರೆ ಪ್ಲೇಟಿನ ತುದಿಯನ್ನು ಸುರುಳಿ ಮಾಡಿದ ತೂತಿನ, ಬೋಲ್ಟ್. ನಟ್ಟು ಸಲೀಸಾಗಿ ಬರುತ್ತದೆ, ಗೆದ್ದೆ ಅಂದುಕೊಳ್ಳುತ್ತೀರಿ, ಬೋಲ್ಟ್ ಮಾತ್ರ ಅಲ್ಲಾಡುವುದಿಲ್ಲ. ಬುಷ್ ಎಂದರೆ ಬರೀ ರಬ್ಬರಲ್ಲ. ಒಳಗೊಂದು ಉಕ್ಕಿನ ಕೊಳವೆ, ಹೊರಗೊಂದು, ನಡುವೆ ರಬ್ಬರ್. ಬೋಲ್ಟ್ ಆ ಒಳಗಿನ ಕೊಳವೆಗೆ ಉದ್ದಕ್ಕೂ ಕಚ್ಚಿಕೊಂಡಿರುತ್ತದೆ. ಎಣ್ಣೆ ಅಷ್ಟು ದೂರ ಹೋಗುವುದಿಲ್ಲ. ಸ್ಪ್ಯಾನರಿನಿಂದ ತಿರುಗಿಸಿದರೆ ಬೋಲ್ಟು, ಕೊಳವೆ ಎರಡೂ ಕೂಡಿ ತಿರುಗಿ ರಬ್ಬರ್ ಮಾತ್ರ ಹಿಂಡುತ್ತದೆ. ಸುತ್ತಿಗೆಯಿಂದ ಹೊಡೆದರೆ ಪೆಟ್ಟನ್ನೆಲ್ಲ ರಬ್ಬರ್ ನುಂಗುತ್ತದೆ. ನನ್ನ ಮೊದಲ ಬೋಲ್ಟಿಗೆ ಇಡೀ ಮಧ್ಯಾಹ್ನ ಹೊಡೆದು ಅದರ ತುದಿಯನ್ನು ಅಣಬೆಯ ಹಾಗೆ ಅರಳಿಸಿದೆ. ಅರಳಿದ ಮೇಲೆ ಅದು ರಂಧ್ರದಲ್ಲಿ ಹೋಗುವ ಪ್ರಶ್ನೆಯೇ ಇಲ್ಲ.

ಇಲ್ಲಿ ಮತ್ತೆ ಪ್ಲೇಟ್ ಕೆಲಸದವರ ಲೆಕ್ಕ. ಬೋಲ್ಟ್ ಮತ್ತು ಬುಷ್ ಎರಡೂ ಎರಡನೆಯ ಪಟ್ಟಿಯಲ್ಲಿವೆ, ಹ್ಯಾಂಗರ್ ಮೊದಲನೆಯದರಲ್ಲಿ. ಹಾಗಿದ್ದರೆ ಬೋಲ್ಟನ್ನು ಹೊರತೆಗೆಯುವ ಹಟ ಯಾಕೆ? ಸ್ಪ್ರಿಂಗಿನ ಕಣ್ಣಿಗೂ ಹ್ಯಾಂಗರಿನ ಗೋಡೆಗೂ ನಡುವೆ ಸಣ್ಣ ಸಂದು ಇರುತ್ತದೆ. ಅದರಲ್ಲಿ ಹ್ಯಾಕ್ಸಾ ಬ್ಲೇಡನ್ನು, ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು, ಎರಡೂ ಬದಿಯಲ್ಲಿ ಬೋಲ್ಟನ್ನು ಕೊಯ್ಯಿರಿ. ವಿದ್ಯುತ್ ಗರಗಸ ಇದ್ದವರು ಪುಣ್ಯವಂತರು. ನನಗೆ ಬದಿಗೆ ನಲವತ್ತು ನಿಮಿಷ, ಎರಡು ಬ್ಲೇಡ್ ಹಿಡಿಯಿತು. ಸ್ಪ್ರಿಂಗ್ ಕೆಳಗೆ ಬರುತ್ತದೆ, ಹ್ಯಾಂಗರಿನಲ್ಲಿ ಉಳಿದ ತುಂಡುಗಳು ಬೆರಳಲ್ಲೇ ಹೊರಗೆ ಬರುತ್ತವೆ.

ಬುಷ್ ಅನ್ನು ಸ್ಪ್ರಿಂಗಿನಿಂದ ತೆಗೆಯಲು ಕೆಲವರು ರಬ್ಬರನ್ನು ಸುಡುತ್ತಾರೆ. ಹೊಗೆಗೆ ನೆರೆಯವರು ಬರುತ್ತಾರೆ, ಸ್ಪ್ರಿಂಗಿನ ಕಣ್ಣೂ ಬೇಡದ ಬಿಸಿ ತಿನ್ನುತ್ತದೆ. ಅದಕ್ಕಿಂತ ರಬ್ಬರಿನಲ್ಲಿ ಡ್ರಿಲ್ ಹಾಕಿ ಒಳಗಿನ ಕೊಳವೆ ಕಿತ್ತು, ಹೊರಗಿನ ಕೊಳವೆಯನ್ನು ಒಳಗಿನಿಂದ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಚಾಣದಿಂದ ಒಳಕ್ಕೆ ಮಡಚಿದರೆ ಸಡಿಲಾಗುತ್ತದೆ. ಹೊಸದನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬೇಡಿ. ವೈಸಿನಲ್ಲಿ ಒಂದು ಬದಿ ಸಣ್ಣ ಸಾಕೆಟ್, ಇನ್ನೊಂದು ಬದಿ ದೊಡ್ಡ ಸಾಕೆಟ್ ಇಟ್ಟು ನೇರವಾಗಿ ಒತ್ತಿ.

ಬಾಡಿಯ ಒಳಗೇ ಮುರಿದು ಉಳಿದ ತುಂಡು ಬೋಲ್ಟಿಗೆ ಸುಲಭದ ಉಪಾಯ ವೆಲ್ಡಿಂಗ್‌ನವರ ಬಳಿ ಇದೆ: ತುಂಡಿನ ಮೇಲೆ ಹೊಸ ನಟ್ಟೊಂದನ್ನಿಟ್ಟು ಅದರ ತೂತಿನಲ್ಲಿ ವೆಲ್ಡ್ ತುಂಬಿಸುವುದು. ಹಿಡಿಯಲು ತಲೆಯೂ ಸಿಕ್ಕಿತು, ತುಕ್ಕು ಒಡೆಯಲು ಬಿಸಿಯೂ ಸಿಕ್ಕಿತು. ಬ್ಯಾಟರಿಯ ತಂತಿ ಬಿಚ್ಚಿಟ್ಟಿರಬೇಕು.

ಮುಂಭಾಗ: ಎಲ್ಲಿ ನಿಲ್ಲಿಸಬೇಕು

ಮುಂದಿನ ಕಾಯಿಲ್ ಸ್ಪ್ರಿಂಗ್ ಒತ್ತಿ ಹಿಡಿದ ಹುಲಿ. ಅದನ್ನು ಹಿಡಿದಿರುವ ತುಕ್ಕು ಬೋಲ್ಟನ್ನು ಕತ್ತರಿಸಿದರೆ ಸ್ಪ್ರಿಂಗ್ ಎಲ್ಲಿಗೆ ಹಾರುತ್ತದೆ ಎಂದು ಹೇಳಲಾಗದು. ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ, ಅದನ್ನು ಬಳಸಿ ಗೊತ್ತಿರುವವರು ಪಕ್ಕದಲ್ಲಿಲ್ಲದೆ ಇಲ್ಲಿ ಕೈ ಹಾಕಬೇಡಿ. ನಾನು ಹಾಕಲಿಲ್ಲ. ಶಾಕ್ ಅಬ್ಸಾರ್ಬರ್, ಗ್ರೀಸ್ ತುಂಬುವ ಬಾಯಿಗಳಾದ ಗ್ರೀಸ್ ನಿಪ್ಪಲ್, ಸ್ಟಿಯರಿಂಗ್ ರಾಡಿನ ತುದಿಗಳು, ಇಷ್ಟನ್ನು ಮನೆಯಲ್ಲಿ ಮಾಡಿ ಸ್ಪ್ರಿಂಗ್ ಇಳಿಸುವುದನ್ನು ಗ್ಯಾರೇಜಿಗೆ ಬಿಟ್ಟೆ. ಮುಂದಿನ ಚಕ್ರ ಎಡಬಲಕ್ಕೆ ಹೊರಳುವ ಕೀಲಾದ ಕಿಂಗ್ ಪಿನ್ ಸವೆದಿದ್ದರೆ ಹೇಗೂ ಲೇತ್ ಅಂಗಡಿಗೆ ಹೋಗಲೇಬೇಕು. ಹೊಸ ಬುಷ್ ಕೂರಿಸಿ ರೀಮರ್ ಹಾಕಿ ಅಳತೆಗೆ ತರುವುದು ಅವರ ಕೆಲಸ. ಗ್ರೀಸ್ ನಿಪ್ಪಲ್‌ಗಳು ತುಕ್ಕಿನಿಂದ ಮುಚ್ಚಿದ್ದರೆ ಶುಚಿ ಮಾಡುತ್ತ ಕೂರಬೇಡಿ, ಹೊಸದು ಹಾಕಿ. ಕಿಂಗ್ ಪಿನ್ ಸಾಯುವುದು ಬಹುತೇಕ ಈ ಮುಚ್ಚಿದ ಬಾಯಿಯಿಂದಲೇ.

ಉಳಿಸಿಕೊಂಡದ್ದನ್ನು ಶುಚಿ ಮಾಡುವುದು

ಸ್ಪ್ರಿಂಗ್ ಕಟ್ಟನ್ನು ಬಿಚ್ಚುವಾಗ ಸೆಂಟರ್ ಬೋಲ್ಟಿನ ಎರಡೂ ಬದಿಗೆ ಸಿ ಕ್ಲ್ಯಾಂಪ್ ಬಿಗಿದು, ಬೋಲ್ಟ್ ತೆಗೆದ ಮೇಲೆ ಕ್ಲ್ಯಾಂಪನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ. ಪ್ಲೇಟುಗಳು ಒಂದನ್ನೊಂದು ಒತ್ತಿ ಕೂತಿರುತ್ತವೆ, ಒಮ್ಮೆಲೇ ಬಿಟ್ಟರೆ ಬೆರಳು ಹೋಗುತ್ತದೆ. ಪ್ರತಿ ಪ್ಲೇಟಿಗೂ ಸೀಮೆಸುಣ್ಣದಲ್ಲಿ ಸಂಖ್ಯೆ, ಮುಂದಿನ ದಿಕ್ಕು ಬರೆದಿಡಿ.

ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಉಜ್ಜಿದ ಮೇಲೆ ಮೇಲ್ಮೈ ನೋಡಿ. ಬರೀ ಕಂದು ಪುಡಿ ಹೋಗಿ ನಯವಾದ ಉಕ್ಕು ಕಂಡರೆ ಅದೃಷ್ಟ. ಸಿಡುಬಿನ ಕಲೆಯಂಥ ಕುಳಿಗಳಿದ್ದರೆ ಯೋಚಿಸಬೇಕು, ಪ್ರತಿ ಕುಳಿಯೂ ಬಿರುಕು ಹುಟ್ಟುವ ಜಾಗ. ಸೆಂಟರ್ ಬೋಲ್ಟಿನ ತೂತಿನ ಸುತ್ತ ಭೂತಗನ್ನಡಿ ಹಿಡಿದು ನೋಡಿ, ಪ್ಲೇಟ್ ಒಡೆಯುವುದು ಹೆಚ್ಚಾಗಿ ಅಲ್ಲೇ. ವರ್ನಿಯರಿನಲ್ಲಿ ದಪ್ಪ ಅಳೆಯಿರಿ. ಆರು ಮಿಲಿಮೀಟರ್ ಇದ್ದದ್ದು ಐದಾಗಿದ್ದರೆ ಹೋದದ್ದು ಆರರಲ್ಲಿ ಒಂದು ಪಾಲು ಎಂದು ತೋರಬಹುದು. ಆದರೆ ಬಾಗುವ ಬಲ ದಪ್ಪದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಬಿಗಿತ ಘನಕ್ಕೆ ತಕ್ಕಂತೆ. ಅಂದರೆ ಬಲದಲ್ಲಿ ಶೇಕಡ 30, ಬಿಗಿತದಲ್ಲಿ ಶೇಕಡ 40ರಷ್ಟು ಆಗಲೇ ಹೋಗಿದೆ. ಅಂಥ ಪ್ಲೇಟ್ ಗುಜರಿಗೆ. ಒಂದು ಬದಿ ಬದಲಾಯಿಸಿದರೆ ಇನ್ನೊಂದನ್ನೂ ಬದಲಾಯಿಸಿ, ಇಲ್ಲದಿದ್ದರೆ ಗಾಡಿ ಸೊಟ್ಟ ನಿಲ್ಲುತ್ತದೆ.

ತುಕ್ಕು ಕರಗಿಸಲು ಮನೆಯಲ್ಲಿ ದಾರಿಗಳು ಹಲವು. ನಮ್ಮ ಕಡೆ ಹಿತ್ತಲಿನ ಹುಳಿ ಬಿಂಬುಳಿ ಕಾಯಿಯಿಂದ ಕತ್ತಿ, ಹಿತ್ತಾಳೆ ಪಾತ್ರೆ ತಿಕ್ಕುತ್ತಿದ್ದರು. ಅದರಲ್ಲಿರುವ ಆಕ್ಸಾಲಿಕ್ ಆಮ್ಲಕ್ಕೆ ತುಕ್ಕೂ ಕರಗುತ್ತದೆ. ಎರಡು ವಾಷರನ್ನು ಬಿಂಬುಳಿ ರಸದಲ್ಲಿ ಒಂದು ರಾತ್ರಿ ಇಟ್ಟು ನೋಡಿದ್ದೇನೆ, ಬೆಳಿಗ್ಗೆ ಬೂದು ಬಣ್ಣಕ್ಕೆ ತಿರುಗಿದ್ದವು. ಶ್ಯಾಕಲ್ ಪ್ಲೇಟು, ಬ್ರಾಕೆಟ್ಟುಗಳಿಗೆ ಸಿಟ್ರಿಕ್ ಆಮ್ಲದ ನೀರು ಅಥವಾ ವಿದ್ಯುತ್ ವಿಧಾನ ಒಳ್ಳೆಯದು: ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತಂತಿ ತುಕ್ಕಿನ ವಸ್ತುವಿಗೆ, ಧನ ತಂತಿ ಯಾವುದಾದರೂ ಹಳೆಯ ಕಬ್ಬಿಣದ ಸರಳಿಗೆ. ಸ್ಟೇನ್‌ಲೆಸ್ ಸ್ಟೀಲ್ ಸರಳು ಮಾತ್ರ ಬೇಡ, ನೀರಿಗೆ ವಿಷದ ಕ್ರೋಮಿಯಂ ಬಿಡುತ್ತದೆ. ಗುಳ್ಳೆಯಾಗಿ ಏಳುವುದು ಜಲಜನಕ, ಆದ್ದರಿಂದ ಬಯಲಿನಲ್ಲಿ ಮಾಡಿ, ಹತ್ತಿರ ಬೀಡಿ ಹಚ್ಚುವವರನ್ನು ಓಡಿಸಿ.

ಆದರೆ ಸ್ಪ್ರಿಂಗನ್ನಾಗಲಿ ಗಟ್ಟಿ ದರ್ಜೆಯ ಬೋಲ್ಟನ್ನಾಗಲಿ ಆಮ್ಲದಲ್ಲಿ, ಈ ಬಕೆಟ್ಟಿನಲ್ಲಿ ಅದ್ದಬಾರದು. ಅದೇ ಜಲಜನಕ ಗಟ್ಟಿ ಉಕ್ಕಿನ ಒಳಹೊಕ್ಕು ಅದನ್ನು ಪೆಡಸು ಮಾಡುತ್ತದೆ. ಹೊರಗೆ ಬೆಳ್ಳಿಯ ಹಾಗೆ ಹೊಳೆಯುವ ಸ್ಪ್ರಿಂಗ್ ಒಂದು ದಿನ ಹೊಂಡದಲ್ಲಿ ಎರಡು ತುಂಡಾಗುತ್ತದೆ. ಅವಕ್ಕೆ ತಂತಿ ಬ್ರಷ್ಷೇ ಗತಿ.

ಬಣ್ಣಕ್ಕೆ ಮೊದಲು ಬಾವಿ ನೀರಿನಲ್ಲಿ ಚೆನ್ನಾಗಿ ತೊಳೆದು ಬಿಸಿಲಿನಲ್ಲಿ ಒಣಗಿಸಿ. ಉಪ್ಪು ಉಳಿದರೆ ಬಣ್ಣದ ಅಡಿಯಲ್ಲೇ ನೀರು ಎಳೆದು ಗುಳ್ಳೆ ಏಳುತ್ತದೆ. ಕರಾವಳಿಯಲ್ಲಿ ಬೆತ್ತಲೆ ಉಕ್ಕು ಮರುದಿನಕ್ಕೆ ಕಾಯುವುದಿಲ್ಲ, ಸಂಜೆಯ ಗಾಳಿಗೇ ಕೇಸರಿ ಪುಡಿ ಹಿಡಿಯುತ್ತದೆ. ಉಜ್ಜಿದ ದಿನವೇ ಎಪಾಕ್ಸಿ ಪ್ರೈಮರ್ ಬಿದ್ದಿರಬೇಕು. ಡಿಸೆಂಬರಿನಿಂದ ಫೆಬ್ರುವರಿವರೆಗೆ ಇದಕ್ಕೆ ಒಳ್ಳೆಯ ಕಾಲ. ಜೂನ್ ತಿಂಗಳಲ್ಲಿ ಬಣ್ಣದ ಡಬ್ಬಿ ತೆರೆಯಬೇಡಿ. ಪ್ಲೇಟುಗಳು ಒಂದರ ಮೇಲೊಂದು ಜಾರುವ ಮುಖಕ್ಕೆ ದಪ್ಪ ಬಣ್ಣ ಬೇಡ, ಗ್ರಾಫೈಟ್ ಗ್ರೀಸ್ ಹಚ್ಚಿ.

ಜೋಡಿಸುವಾಗ

ಹೊಸ ಬೋಲ್ಟಿನ ತಲೆಯ ಮೇಲೆ ಅದರ ಬಲದ ದರ್ಜೆ, 8.8 ಅಥವಾ 10.9 ಎಂದು, ಅಚ್ಚಾಗಿರಬೇಕು, ಹಳೆಯದಕ್ಕಿಂತ ಕಡಿಮೆ ದರ್ಜೆಯದು ಬೇಡ. ಹಾರ್ಡ್‌ವೇರ್ ಅಂಗಡಿಯ ಅಚ್ಚಿಲ್ಲದ ಬೋಲ್ಟ್ ಗೇಟಿಗೆ ಸರಿ. ತುಕ್ಕೇ ಹಿಡಿಯದಿರಲಿ ಎಂದು ಸ್ಟೇನ್‌ಲೆಸ್ ಬೋಲ್ಟ್ ಹಾಕುವ ಆಸೆ ನನಗೂ ಬಂದಿತ್ತು. ಮಾಮೂಲಾಗಿ ಸಿಗುವ ಎ2-70 ದರ್ಜೆಯ ಸ್ಟೇನ್‌ಲೆಸ್ಸಿನ ಬಲ 700 ಮೆಗಾಪಾಸ್ಕಲ್, 8.8ರದು 800, 10.9ರದು 1000. ಮೇಲಾಗಿ ಉಪ್ಪುನೀರಿನಲ್ಲಿ ಸ್ಟೇನ್‌ಲೆಸ್ ತಾನು ಉಳಿದು ತನ್ನ ಸುತ್ತಲಿನ ಸಾದಾ ಉಕ್ಕನ್ನು ಬೇಗ ತಿನ್ನಿಸುತ್ತದೆ. ಹ್ಯಾಂಗರ್ ಉಳಿಸಲೆಂದೇ ಅಲ್ಲವೇ ಇಷ್ಟು ಪಾಡು ಪಟ್ಟದ್ದು?

ಬೋಲ್ಟಿನ ಮೈಗೆ ತೆಳ್ಳಗೆ ಕಾಪರ್ ಗ್ರೀಸ್ ಹಚ್ಚಿದರೆ ಮುಂದಿನ ಸಲ ಬಿಚ್ಚುವವರು ನಿಮ್ಮನ್ನು ಹರಸುತ್ತಾರೆ. ಆದರೆ ಗ್ರೀಸ್ ಇರುವ ಥ್ರೆಡ್ಡಿಗೆ, ಒಣ ಥ್ರೆಡ್ಡಿಗೆಂದು ಕೈಪಿಡಿ ಹೇಳಿದ ಟಾರ್ಕನ್ನೇ, ಅಂದರೆ ತಿರುಗಿಸುವ ಬಲವನ್ನೇ, ಕೊಟ್ಟರೆ ಬೋಲ್ಟ್ ಅತಿಯಾಗಿ ಎಳೆದುಕೊಳ್ಳುತ್ತದೆ. ಅಂಥಲ್ಲಿ ಗ್ರೀಸನ್ನು ಬುಷ್ಷಿನ ಒಳಗೆ ಹೋಗುವ ಭಾಗಕ್ಕೆ ಮಾತ್ರ ಹಚ್ಚಿ ಥ್ರೆಡ್ಡನ್ನು ಒಣಗಿಯೇ ಬಿಡಿ. ನೈಲಾನ್ ನಟ್ಟು, ಸ್ಪ್ಲಿಟ್ ಪಿನ್ನು ಎಲ್ಲವೂ ಹೊಸದೇ.

ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಗಾಡಿ ಮೇಲಿರುವಾಗ ಪೂರ್ತಿ ಬಿಗಿ ಮಾಡಬಾರದು. ಅನುಭವಿ ಕೈಗಳೂ ಇಲ್ಲಿ ಎಡವುತ್ತವೆ. ಚಕ್ರ ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದರೆ ಗಾಡಿ ಇಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡಿರುತ್ತದೆ, ಪ್ರತಿ ಹೊಂಡಕ್ಕೂ ಇನ್ನಷ್ಟು ತಿರುಚುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಕೈಯಲ್ಲಿ ಬಿಗಿ ಮಾಡಿ, ಚಕ್ರ ಹಾಕಿ ನೆಲಕ್ಕಿಳಿಸಿ, ಗಾಡಿಯನ್ನು ನಾಲ್ಕು ಸಲ ಒತ್ತಿ ಕುಲುಕಿ, ಅದು ತನ್ನ ಸಹಜ ಎತ್ತರದಲ್ಲಿ ನಿಂತ ಮೇಲೆ ಕೊನೆಯ ಬಿಗಿ ಕೊಡಿ. ಯು ಬೋಲ್ಟಿನ ನಾಲ್ಕು ನಟ್ಟುಗಳನ್ನು ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವಾಗಿ ಏರಿಸಿ.

ಮೊದಲ ದಿನ ಹತ್ತು ಕಿಲೋಮೀಟರ್ ನಿಧಾನವಾಗಿ ಓಡಿಸಿ, ಬ್ರೇಕ್ ಪೈಪುಗಳ ಸುತ್ತ ತೇವ ಇದೆಯೇ ನೋಡಿ. ಮುನ್ನೂರು ಕಿಲೋಮೀಟರ್ ಒಳಗೆ ಯು ಬೋಲ್ಟುಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಿಡಿಯಿರಿ. ಹೊಸ ಬಣ್ಣ, ಹೊಸ ಪ್ಲೇಟುಗಳು ಕೂತುಕೊಂಡು ನಟ್ಟು ಖಂಡಿತ ಸ್ವಲ್ಪ ತಿರುಗುತ್ತದೆ. ನನ್ನದು ಎಡಗಡೆ ಕಾಲು ಸುತ್ತು ತಿರುಗಿತು. ಬಲಗಡೆಯದನ್ನು ಇನ್ನೂ ನೋಡಿಲ್ಲ. ಗಾಡಿ ಈಗ ಮತ್ತೆ ಶೆಡ್ಡಿನಲ್ಲಿ, ಮುಂಭಾಗ ಸ್ಟ್ಯಾಂಡಿನ ಮೇಲಿದೆ. ಕಿಂಗ್ ಪಿನ್ ಲೇತ್ ಅಂಗಡಿಯಿಂದ ಬರಬೇಕು.